ಎಲ್ಲರೂ ಯಜಮಾನರೇ

ಕಣ್ಣೆದುರಿಗೇ ಇರುವ ಸಿ.ಡಿ. ಡ್ರೈವನ್ನು 'ಇಲ್ಲ' ಅನ್ನುವ ಕಂಪ್ಯೂಟರಿಗೆ ಏನು ಹೇಳುವುದು? ರಿಪೇರಿಯೇ ನನ್ನ ಹೊಟ್ಟೆಪಾಡು, ಆದರೂ ಸಾಕುಸಾಕಾಗಿತ್ತು. ಫ್ಲಾಪಿಯಿಂದ ಲಿನಕ್ಸ್ ತಂತ್ರಾಂಶ ಹಾಕಲು ಶುರು ಮಾಡಿದರೆ ಭಾಷೆ ಯಾವುದೆಂದು ಕೇಳುತ್ತದೆ, ಕೀಲಿಮಣೆ ಯಾವುದೆಂದು ಕೇಳುತ್ತದೆ, ಆಮೇಲೆ 'ಸಿ.ಡಿ. ಡ್ರೈವ್ ಸಿಗಲಿಲ್ಲ' ಎಂದು ಕೈಚೆಲ್ಲುತ್ತದೆ. ನಾಲ್ಕೂ ಯಂತ್ರಗಳದ್ದು ಅದೇ ರಾಗ.

ಯಂತ್ರಗಳು ನನ್ನ ಭಾವನವು. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿದವರು. ಪ್ರೆಸ್ ಮುಚ್ಚಿದ ಮೇಲೆ ಗುಜರಿಯಿಂದ ಬಿಡಿಭಾಗ ತಂದು, ತಾವೇ ಜೋಡಿಸಿ, ಮನೆಯ ಮುಂದಿನ ಕೋಣೆಯಲ್ಲಿ ಟೈಪಿಂಗ್ ತರಗತಿ ತೆರೆಯುವವರಿದ್ದರು. ನಾಳೆ ಬೆಳಿಗ್ಗೆ ಕಲಿಯುವವರು ಬರುತ್ತಾರೆ. ತರಗತಿ ನಡೆಯದಿದ್ದರೆ ಹಳೇ ಮಾಲೀಕರ ಬಂಗಲೆಯ ಗೇಟು ಕಾಯುವ ಕೆಲಸವೇ ಗತಿ. ಸಂಜೆಯೊಳಗೆ ಹೂಂ ಅಥವಾ ಉಹೂಂ ತಿಳಿಸಬೇಕೆಂದು ಮಾಲೀಕರು ಹೇಳಿ ಕಳಿಸಿದ್ದರು.

ನನಗೆ ಮೂಗಿನ ತುದಿಯಲ್ಲೇ ಕೋಪ. ಲೆನ್ಸ್ ಒರೆಸಿದೆ, ಸಿ.ಡಿ.ಯನ್ನು ಮತ್ತೆ ಬರೆದೆ, ಕೇಬಲ್ ಬದಲಿಸಿದೆ. ಭಾವ ಏನೋ ಹೇಳಲು ಬಂದಾಗಲೆಲ್ಲ "ಸ್ವಲ್ಪ ಸುಮ್ನಿರಿ ಭಾವ" ಎಂದು ಬಾಯಿ ಮುಚ್ಚಿಸಿದೆ.

"ಜೋಡಿಸಿದ್ದು ಅವರೇ ಅಲ್ವೇನೋ? ಒಂದ್ಸಲ ಅವರ ಮಾತೂ ಕೇಳು," ಎಂದು ಅಕ್ಕ ಗದರಿದಳು.

ಭಾವ ಡ್ರೈವಿನ ಬೆನ್ನಿಗಿದ್ದ, ಅಕ್ಕಿಕಾಳಿನಷ್ಟಿದ್ದ ಪ್ಲಾಸ್ಟಿಕ್ ಟೊಪ್ಪಿಗೆಯನ್ನು ತೋರಿಸಿದರು. "ಇದೊಂದನ್ನ ನಾನು ಬದಲಾಯಿಸಿದೀನಿ. ಇಲ್ಲಿಟ್ರೆ ಮಾಸ್ಟರ್, ಅಲ್ಲಿಟ್ರೆ ಸ್ಲೇವ್ ಅಂತ ಬರೆದಿತ್ತು. ನಿಘಂಟು ನೋಡಿದೆ. ಗುಲಾಮ ಅಂತೆ. ಯಾರನ್ನೂ ಹಾಗೆ ಕೂರಿಸೋಕೆ ಮನಸ್ಸಾಗಲಿಲ್ಲ ಕಣಪ್ಪ. ಎಲ್ಲಾನೂ ಮಾಸ್ಟರ್ ಮಾಡಿಬಿಟ್ಟೆ."

ನಾನು ಹಣೆ ಚಚ್ಚಿಕೊಂಡೆ. ಒಂದೇ ಕೇಬಲ್ಲಿನಲ್ಲಿ ಹಾರ್ಡ್ ಡಿಸ್ಕೂ ಮಾಸ್ಟರ್, ಸಿ.ಡಿ. ಡ್ರೈವೂ ಮಾಸ್ಟರ್! "ಒಂದೇ ಒರೆಗೆ ಎರಡು ಕತ್ತಿ ತುರುಕಿದೀರಲ್ಲ ಭಾವ!" ಎಂದು ನಕ್ಕೆ. ಅಕ್ಕನೂ ನಕ್ಕಳು.

ಭಾವ ನಗಲಿಲ್ಲ. "ಹಾಗಾದ್ರೆ ಒಬ್ಬರು ಕೈಕೆಳಗೆ ಇರಲೇಬೇಕಾ?" ಎಂದು ಕೇಳಿದರು.

ಗೇಟಿನ ಪಕ್ಕ ಸ್ಟೂಲಿನ ಮೇಲೆ ಕೂತ ಭಾವ ನನ್ನ ಕಣ್ಮುಂದೆ ಬಂದರು. ಟೊಪ್ಪಿಗೆ ಕಿತ್ತು ಸ್ಲೇವ್ ಕಡೆ ಸಿಕ್ಕಿಸುವುದು ಅರೆಕ್ಷಣದ ಕೆಲಸ. ಚಿಮಟ ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟೆ.

"ಬೇಕಿಲ್ಲ ಭಾವ. ಒಳಗೆ ಇನ್ನೊಂದು ಕೇಬಲ್‌ಗೆ ಜಾಗ ಇದೆ. ಬೇರೆ ಬೇರೆ ಹಾಕಿದ್ರೆ ಇಬ್ಬರೂ ಮಾಸ್ಟರ್ರೇ."

ಅಂಗಡಿಗೆ ಓಡಿ ನಾಲ್ಕು ಕೇಬಲ್ ತಂದೆ. ಮೊದಲ ಯಂತ್ರದ ಡ್ರೈವ್ ಗುರ್ರೆಂದಿತು; ಪರದೆ ಮುಂದಿನ ಪ್ರಶ್ನೆ ಕೇಳಿತು. ಭಾವ ಅದನ್ನು ಎರಡು ಸಲ ಓದಿದರು. ಆಮೇಲೆ ಫೋನ್ ಎತ್ತಿ ಮಾಲೀಕರಿಗೆ, "ಇಲ್ಲ ಸಾರ್, ಬರೋಕಾಗಲ್ಲ. ನಾಳೆ ನನ್ನ ಕ್ಲಾಸಿದೆ," ಎಂದರು.