ಒರೆಸದೆ ಬಿಟ್ಟ ಪ್ಯಾನೆಲ್

ಆ ಸಾಲುಮನೆಗಳಲ್ಲಿ ನೆಟ್ಟಗೆ ಬಿಸಿಲು ಬೀಳುತ್ತಿದ್ದದ್ದು ಟೈಲರಕ್ಕನ ತಾರಸಿಯ ಮೇಲೆ ಮಾತ್ರ. ಉಳಿದವಕ್ಕೆಲ್ಲ ಎದುರಿನ ಸಿಮೆಂಟ್ ಗೋದಾಮಿನ ನೆರಳು. ಹಾಗಾಗಿ ನಾಲ್ಕು ಮನೆಯವರು ಸೇರಿ ತಂದ ಸೋಲಾರ್ ಪ್ಯಾನೆಲ್‌ಗಳು ಅವಳ ನೆತ್ತಿಯ ಮೇಲೆ ಕೂತವು. ಅಲ್ಲಿಂದ ಎಲ್ಲರ ಮನೆಗೂ ವೈರು. ಬೆಳಿಗ್ಗೆ ಎದ್ದು ಪ್ಯಾನೆಲ್ ಒರೆಸುವುದು ಅವಳ ಪಾಲಿಗೆ ಬಂದ ಕೆಲಸ. ಗೋದಾಮಿನ ಧೂಳೆಂದರೆ ಸುಮ್ಮನೆಯೇ? ಒಂದು ದಿನ ಬಿಟ್ಟರೆ ಬೆರಳಲ್ಲಿ ಹೆಸರು ಬರೆಯಬಹುದು.

ಗಂಡ ತೀರಿಕೊಂಡ ಮೇಲೆ ಅವಳು ಒಂಟಿ. ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕು. ಅಳತೆ ಕೊಡಲು ಬಂದವರನ್ನು ನಗಿಸದೆ ಕಳಿಸಿದವಳಲ್ಲ. ಆದರೆ ಎಲ್ಲರಿಗೂ ರೆಡಿಮೇಡ್ ಬೇಕಾದ ಕಾಲದಲ್ಲಿ ಅಳತೆ ಕೊಡಲು ಬರುವವರಾದರೂ ಯಾರು? ಅವಳ ತಾರಸಿಯ ಕರೆಂಟು ಎಲ್ಲರ ನಡುಮನೆಗೂ ಹೋಗುತ್ತಿತ್ತು. ಅವಳನ್ನು ಬಾ ಎನ್ನುವವರಿರಲಿಲ್ಲ.

ಒಮ್ಮೆ ಜ್ವರ ಬಂದು ಮಲಗಿದಳು. ಧೂಳು ಕೂತು ಎಲ್ಲರ ಮನೆಯ ಫ್ಯಾನೂ ಕುಂಟತೊಡಗಿತು. ಏನಾಯಿತೆಂದು ಕೇಳಲು ಒಬ್ಬೊಬ್ಬರಾಗಿ ಬಂದರು. ನರ್ಸಮ್ಮ ಹಣೆ ಮುಟ್ಟಿ ನೋಡಿದಳು. ಬೇಕರಿಯವನು ಬನ್ನು ತಂದ. ಬಸ್ ಡ್ರೈವರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ತನ್ನ ಡಿಪೋ ಮ್ಯಾನೇಜರನ್ನು ಮನಸಾರೆ ಬೈದ. ಅಷ್ಟು ಚೆನ್ನಾದ ಜ್ವರ ಅವಳಿಗೆ ಹಿಂದೆಂದೂ ಬಂದಿರಲಿಲ್ಲ.

ಜ್ವರ ಬಿಟ್ಟಿತು, ಹತ್ತಿದ ರುಚಿ ಬಿಡಲಿಲ್ಲ. ಬಟ್ಟೆ ಹಿಡಿದು ಏಣಿ ಹತ್ತುವಳು, ಸುಮ್ಮನೆ ನಿಂತಿದ್ದು ಇಳಿದುಬಿಡುವಳು. ಜನ ಬಂದರು. ಕೆಲವು ದಿನ ಬಿಟ್ಟು ಮತ್ತೆ ಬಂದರು. ಮಂಡಿನೋವು, ಸರಿಯಾಗಿ ಒರೆಸಲಾಗಲಿಲ್ಲ ಎಂದು ಸುಳ್ಳು ಹೇಳಿದಳು. ನಾಲ್ಕು ಮನೆಗೆ ತೊಂದರೆ ಕೊಡುವುದು ತಪ್ಪೆಂದು ಗೊತ್ತಿತ್ತು. ಬಾಗಿಲು ಬಡಿದ ಸದ್ದು ಕೇಳಿದರೆ ಆ ತಪ್ಪೂ ಮರೆತುಹೋಗುತ್ತಿತ್ತು.

ಒಂದು ಭಾನುವಾರ ಎಲ್ಲರೂ ಒಟ್ಟಿಗೇ ಬಂದರು. ಟೈಲರಕ್ಕ ಹಿಗ್ಗಿ ಹೀರೇಕಾಯಿಯಾದಳು. ಅವರ ಹಿಂದೆ ಎಲೆಕ್ಟ್ರಿಷಿಯನ್ ನಿಂತಿದ್ದ.

"ಅಕ್ಕಾ, ಎಷ್ಟು ಕಷ್ಟ ಆದ್ರೂ ನೀವು ಬಾಯಿಬಿಟ್ಟು ಹೇಳೋರಲ್ಲ," ಎಂದ ಬೇಕರಿಯವನು. "ನಮ್ಮನೆ ಮೇಲೆ ಹೊಸ ಮಹಡಿ ಎದ್ದಿದೆಯಲ್ಲ, ಅಲ್ಲೀಗ ಒಳ್ಳೇ ಬಿಸಿಲು. ಪ್ಯಾನೆಲ್ ಎಲ್ಲ ಅಲ್ಲಿಗೇ ಹಾಕಿಸ್ತೀವಿ. ನಿಮ್ಮ ಮನೆಗೂ ಅಲ್ಲಿಂದಲೇ ವೈರು."

"ಇನ್ಮೇಲೆ ಯಾರೂ ಬಂದು ನಿಮಗೆ ತೊಂದರೆ ಕೊಡಲ್ಲ," ಎಂದಳು ನರ್ಸಮ್ಮ.

ಮೇಲೆ ಎಲೆಕ್ಟ್ರಿಷಿಯನ್ ಬೋಲ್ಟು ಬಿಚ್ಚತೊಡಗಿದ. ಕೆಳಗೆ ಟೈಲರಕ್ಕ ಏಣಿ ಹಿಡಿದು ನಿಂತಿದ್ದಳು. ಮಾನ ಹೋದರೆ ಹೋಗಲಿ ಎಂದುಕೊಂಡಳು.

"ನನ್ನ ಮಂಡಿಗೇನೂ ಆಗಿಲ್ಲ ಕಣ್ರಪ್ಪಾ. ಬೇಕಂತಲೇ ಒರೆಸಲಿಲ್ಲ. ಕರೆಂಟು ಕಮ್ಮಿ ಆದ್ರೆ ನೀವೆಲ್ಲ ಬರ್ತೀರಲ್ಲ, ಅದಕ್ಕೆ."

ಎಲ್ಲರೂ ಅವಳ ಮುಖವನ್ನೇ ನೋಡಿದರು. ಆಮೇಲೆ ಡ್ರೈವರು ತೊಡೆ ತಟ್ಟಿಕೊಂಡು ನಕ್ಕ. "ನಮ್ಮಕ್ಕನ ತಮಾಷೆಗೆ ಹೊತ್ತುಗೊತ್ತು ಇಲ್ಲ ನೋಡಿ," ಎಂದ. ನರ್ಸಮ್ಮನೂ ನಕ್ಕಳು, ಬೇಕರಿಯವನೂ ನಕ್ಕ.

ಮೊದಲ ಪ್ಯಾನೆಲ್ ಕೆಳಗಿಳಿಯುತ್ತಿತ್ತು. ಟೈಲರಕ್ಕ ಕೈ ಚಾಚಿ ಅದರ ಅಂಚು ಹಿಡಿದುಕೊಂಡು, ಅವರೆಲ್ಲರ ಜೊತೆ ತಾನೂ ನಕ್ಕಳು.