ದೇವಕಮ್ಮನ ಸುಸ್ತು

ದೇವಕಮ್ಮನ ಸುಸ್ತಿಗೆ ಊರಿನಲ್ಲಿ ಬಾಯಿಗೊಂದು ಕಾರಣವಿತ್ತು. ಕಣ್ಣು ಬಿದ್ದಿದೆ ಎಂದರು ಕೆಲವರು. ಗಂಡ ಖಂಡಪ್ಪ ಮೆತ್ತಗಿನವನು, ಅದಕ್ಕೇ ಹೆಂಡತಿ ಮೈಗಳ್ಳಿಯಾದಳು ಎಂದರು ಇನ್ನು ಕೆಲವರು. ಅತ್ತೆ ಹಣಮಂತಮ್ಮ ಮಾತ್ರ ತಪ್ಪನ್ನೆಲ್ಲ ಒಯ್ದು ಕೆನಾಲಿನ ಕೊರಳಿಗೆ ಕಟ್ಟಿದಳು. "ಕೆನಾಲ್ ಬಂತು, ಜ್ವಾಳ ಹೋತು. ಮೂರ್ಹೊತ್ತೂ ಅನ್ನ ತಿಂದ್ರ ಮೈಯಾಗ ಕಸುವು ಎಲ್ಲಿಂದ ಬರ್ತದ? ನಾವು ರೊಟ್ಟಿ ತಿಂದವ್ರು, ಹಸಿ ಬಾಣಂತ್ಯಾರಾಗಿ ಕುಡಗೋಲು ಹಿಡದೇವಿ" ಎನ್ನುತ್ತಿದ್ದಳು. ಮಡಕೆಯ ಬಾಯಿಗಾದರೆ ಮುಚ್ಚಳ ಸಿಕ್ಕೀತು, ಊರ ಬಾಯಿಗೆ ಎಲ್ಲಿಂದ ತರುವುದು ಹೇಳಿ!

ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಶೇಖಮ್ಮನಿಗೆ. ಅವಳು ದೇವಕಮ್ಮನ ಒಡಹುಟ್ಟಿದ ಅಕ್ಕ. ಇಬ್ಬರನ್ನೂ ಒಂದೇ ಮನೆಗೆ ಕೊಟ್ಟದ್ದರಿಂದ ನೆಗೆಣ್ಣಿಯೂ ಹೌದು. ಸಾಲದ್ದಕ್ಕೆ ಭತ್ತದ ಸಸಿ ಹಚ್ಚುವ ಹೆಂಗಸರ ಗುಂಪಿಗೆ ಅವಳೇ ಹಿರೇಮಣಿ, ಅಂದರೆ ಮುಂದಾಳು. ಶಹಾಪುರದ ಕಡೆಯ ಕೆನಾಲಿನ ಕೆಳಗಿನ ಗದ್ದೆಗಳನ್ನು ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿದು, ಬಂದದ್ದನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳುತ್ತಿದ್ದರು. ಹೀಗಾಗಿ ಒಬ್ಬಳ ಕೈ ನಿಧಾನವಾದರೆ ಅದರ ಹೊಡೆತ ಉಳಿದವರ ಹೊಟ್ಟೆಯ ಮೇಲೆ ಬೀಳುತ್ತಿತ್ತು.

ಅದಕ್ಕೊಂದು ಮದ್ದನ್ನೂ ಅವರೇ ಕಂಡುಕೊಂಡಿದ್ದರು. ಸಸಿ ಹಚ್ಚುವವರು ಸಾಲಾಗಿ ಬಗ್ಗಿ ಹಿಂದಕ್ಕೆ ಸರಿಯುತ್ತ ಹೋಗುತ್ತಾರಲ್ಲ, ಆಗ ಯಾರಾದರೂ ತಡ ಮಾಡಿದರೆ ಅಕ್ಕಪಕ್ಕದವರು ಅವಳ ಬೆನ್ನ ಹಿಂದೆಯೂ ಸಸಿ ಹಚ್ಚಿ ದಾರಿ ಮುಚ್ಚಿಬಿಡುತ್ತಿದ್ದರು. ಅವಳು ದೊಡ್ಡಿಗೆ ಹಾಕಿದ ತುಡುಗು ದನದ ಹಾಗೆ ನಡುವೆ ಸಿಕ್ಕಿಕೊಳ್ಳಬೇಕು. "ದೊಡ್ಡಿಗೆ ಬಿತ್ತು, ದೊಡ್ಡಿಗೆ ಬಿತ್ತು!" ಎಂದು ಗದ್ದೆ ತುಂಬ ನಗೆ. ತಮಾಷೆಯೇ, ಆದರೆ ದೊಡ್ಡಿಗೆ ಬಿದ್ದವಳಿಗೆ ಮಧ್ಯಾಹ್ನದ ಬುತ್ತಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಂದು ಕಾಲಕ್ಕೆ ಎಲ್ಲರನ್ನೂ ದೊಡ್ಡಿಗೆ ಹಾಕುತ್ತಿದ್ದವಳು ದೇವಕಮ್ಮನೇ. ಮೂರು ಹೆರಿಗೆ ಒಂದರ ಬೆನ್ನಿಗೊಂದು ಆದವು ನೋಡಿ, ಆಮೇಲೆ ಹುಡುಗಿ ಇಳಿದುಹೋದಳು. ಒಡ್ಡು ಹತ್ತಿದರೆ ಕುಳಿತುಬಿಡುವಳು. ಕೊಡ ಇಳಿಸಿದರೆ ಗೋಡೆ ಹಿಡಿಯುವಳು. ಯಾರೂ ಇಲ್ಲದಾಗ ಡಬ್ಬಿಯಿಂದ ಹಸಿ ಅಕ್ಕಿ ತೆಗೆದು ಮುಕ್ಕುವಳು. ಅದನ್ನು ಕಂಡ ಅತ್ತೆ, ಹಸಿ ಅಕ್ಕಿ ತಿಂದೇ ಸುಸ್ತು ಹತ್ತಿದೆ ಎಂದು ಡಬ್ಬಿಯನ್ನು ಅಟ್ಟಕ್ಕೇರಿಸಿದಳು.

"ಯಕ್ಕಾ, ಎದಿ ಡವಡವ ಅಂತದ. ರಾತ್ರಿ ಮಲಗಿ ಎದ್ರೂ ಮೈ ಎದ್ದಂಗ ಆಗಾಂಗಿಲ್ಲ" ಎಂದಳು ದೇವಕಮ್ಮ ಒಂದು ಮುಂಜಾನೆ.

"ಬಾಯಿ ಮುಚ್ಚು. ಮಂದಿ ಏನಂತಾರ? ಹಿರೇಮಣಿ ತಂಗಿ ಅಂತ ಕುಂತು ಉಣ್ಣಾಕತ್ಯಾಳ ಅಂತಾರ. ನಡಿ, ನಡಿ" ಎಂದು ಶೇಖಮ್ಮ ತಂಗಿಯ ರಟ್ಟೆ ಹಿಡಿದು ಎಬ್ಬಿಸಿದಳು.

ತಾಯಿ ಸತ್ತಾಗ ಈ ತಂಗಿಯನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳೇ ಶೇಖಮ್ಮ. ಕರುಳು ಇರಲಿಲ್ಲವೆಂದಲ್ಲ. ತಂಗಿಯನ್ನು ಗುಂಪಿನಿಂದ ಬಿಡಿಸಿದರೆ ಅತ್ತೆ ಅವಳನ್ನು ಮನೆಯಲ್ಲಿ ಬಾಳಿಸುವುದಿಲ್ಲ ಎಂಬ ಭಯವಿತ್ತು. ದುಡಿಯದ ಸೊಸೆಗೆ ಆ ಮನೆಯಲ್ಲಿ ಅನ್ನದ ಜೊತೆ ಬೈಗುಳವೂ ಬೀಳುತ್ತಿತ್ತು. ಅದಕ್ಕೇ ಬಯ್ದು, ಜಗ್ಗಿ, ಹೇಗಾದರೂ ಸಾಲಿನಲ್ಲಿ ನಿಲ್ಲಿಸುತ್ತಿದ್ದಳು.

ಇನ್ನು ಔಷಧ. ಆ ಸೀಮೆಯಲ್ಲಿ ಸುಸ್ತಿಗೆ ಇದ್ದ ಔಷಧ ಒಂದೇ, ಬಾಟಲಿ. ಪಕ್ಕದ ಊರಿನ ಡಾಕ್ಟರನ ಬೆಂಚಿನ ಮೇಲೆ ಮಲಗಿ ಸಲಾಯಿನ್ ಏರಿಸಿಕೊಂಡು ಬಂದರೆ ಕಸುವು ಬಂತೆಂದೇ ಲೆಕ್ಕ. ಸುಗ್ಗಿ ಮುಗಿದರೆ ಬಾಟಲಿ, ಮದುವೆಗೆ ಮೊದಲು ಬಾಟಲಿ, ಬೀಗರ ಮನೆಯಲ್ಲಿ ಹೇಳಿಕೊಳ್ಳಲೂ ಬಾಟಲಿ! ಶೇಖಮ್ಮ ತಂಗಿಗೂ ಆಗಾಗ ಏರಿಸಿ ಕರೆತಂದಳು. ಡಾಕ್ಟರ ಅದರೊಳಗೆ ಒಂದು ಸೂಜಿಮದ್ದನ್ನೂ ಬಿಡುತ್ತಿದ್ದ. ಮರುದಿನ ದೇವಕಮ್ಮ ಎದ್ದು ಓಡಾಡುವಳು, ಅದರ ಮರುದಿನ ಮತ್ತೆ ಅದೇ ಗೋಡೆ.

ಆ ಸಲ ಕೆನಾಲಿನ ನೀರು ನಿಲ್ಲುವುದರೊಳಗೆ ನಾಟಿ ಮುಗಿಯಬೇಕಿತ್ತು. ಗದ್ದೆಯ ಧಣಿ ಒಡ್ಡಿನ ಮೇಲೆ ನಿಂತು ಅವಸರ ಮಾಡುತ್ತಿದ್ದ. ದೇವಕಮ್ಮ ಹಿಂದೆ ಬಿದ್ದಳು. ಅವಳ ಎಡಕ್ಕೆ ಸುಗಲಮ್ಮ, ಬಲಕ್ಕೆ ಶೇಖಮ್ಮ.

"ಏನ್ ಮಾಡೂದು, ಹಿರೇಮಣಿ? ನಿನ್ನ ತಂಗಿ ಅಂತ ಬಿಡಬೇಕೇನು?" ಎಂದಳು ಸುಗಲಮ್ಮ.

ಆ ಮಾತು ಶೇಖಮ್ಮನಿಗೆ ಚುರ್ ಎಂದಿತು. ತಾನೇ ತಂಗಿಯ ಬೆನ್ನ ಹಿಂದೆ ಸಸಿ ಹಚ್ಚಿ ದಾರಿ ಮುಚ್ಚಿದಳು. ದೇವಕಮ್ಮ ತಿರುಗಿ ನೋಡಿದಳು. ಕೈಯೊಳಗಿನ ಸಸಿಯ ಕಟ್ಟನ್ನು ಬಿಟ್ಟು ಕೆಸರಿನಲ್ಲಿ ಹಾಗೆಯೇ ಕುಳಿತುಬಿಟ್ಟಳು. ದೊಡ್ಡಿಗೆ ಬಿತ್ತು ಎಂದು ಕೂಗಲು ಯಾರಿಗೂ ಬಾಯಿ ಬರಲಿಲ್ಲ.

ಊರಿನ ಸುಲ್ತಾನಸಾಬನ ಟಂಟಂ ಆಟೋದಲ್ಲಿ ಹಾಕಿಕೊಂಡು ಶೇಖಮ್ಮ ಅವಳನ್ನು ಅದೇ ಡಾಕ್ಟರನ ಬಳಿಗೆ ಒಯ್ದಳು. "ಒಂದು ಬಾಟಲಿ ಆಕಿಗೆ ತಡ್ಯಾಂಗಿಲ್ರಿ, ಇವತ್ತ ಎರಡು ಹಾಕ್ರಿ" ಎಂದಳು. ಡಾಕ್ಟರ ಅನುಮಾನಿಸಿದ. ಶೇಖಮ್ಮ ಕೈಮುಗಿದಳು; ಅವನು ಹಾಕಿದ. ತಂಗಿಯನ್ನು ದೊಡ್ಡಿಗೆ ಹಾಕಿದ ಪಾಪವನ್ನು ಎರಡನೆಯ ಬಾಟಲಿಯಿಂದ ತೊಳೆದುಕೊಳ್ಳುವ ಆಸೆ ಅವಳದು. ಆ ಬಾಟಲಿ ಅರ್ಧಕ್ಕೆ ಬರುವಷ್ಟರಲ್ಲಿ ದೇವಕಮ್ಮನಿಗೆ ಮಲಗಲಾಗಲಿಲ್ಲ. ಎದ್ದು ಕುಳಿತು ಬಾಯಿ ತೆರೆದು ಉಸಿರು ಎಳೆಯತೊಡಗಿದಳು, ಕೆಮ್ಮಿದರೆ ನೊರೆ ಬಂತು. ಡಾಕ್ಟರನ ಮುಖ ಸಣ್ಣಗಾಯಿತು. "ಯಾದಗಿರಿಗೆ ಒಯ್ರಿ, ಜಲ್ದಿ" ಎಂದ.

ಯಾದಗಿರಿಯ ದವಾಖಾನೆಯಲ್ಲಿ ಡಾಕ್ಟರಮ್ಮ ದೇವಕಮ್ಮನ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿದಳು. ಕೆಂಪಿರಬೇಕಾದ ಜಾಗ ಒಗೆದ ಅರಿವೆಯ ಹಾಗೆ ಬಿಳಿಚಿಕೊಂಡಿತ್ತು.

"ಎಷ್ಟು ದಿನದಿಂದ ಸುಸ್ತು ಅಂತಿದ್ಲು?"

"ಬಾಳ ದಿನ ಆತ್ರಿ. ನಾವು... ಮೈಗಳ್ಳತನ ಅನಕೊಂಡಿದ್ವಿ."

"ಮೈಯಾಗ ರಕ್ತಾನ ಇಲ್ಲಮ್ಮ ಈಕಿಗೆ. ರಕ್ತ ಇಲ್ಲದ ಎದಿ ಮ್ಯಾಲೆ ಎರಡೆರಡು ಬಾಟಲಿ ನೀರು ಹೊರಿಸೀರಿ. ಹ್ಯಾಂಗ ತಡೀತದ ಅದು?"

ಶೇಖಮ್ಮ ತಂಗಿಯ ತೋಳಿನ ಮೇಲಿನ ಸೂಜಿಯ ಗುರುತನ್ನು ಸೆರಗಿನಿಂದ ಒರೆಸತೊಡಗಿದಳು. ಅಯ್ಯೋ, ಒಳ್ಳೆಯದಾಗಲಿ ಎಂದೇ ಮಾಡಿದ್ದಲ್ಲವೇ!

ಮೆಲ್ಲಗೆ ಮೆಲ್ಲಗೆ ರಕ್ತ ಏರಿಸಬೇಕು, ಒಬ್ಬರದು ಸಾಲದು ಎಂದರು. ದವಾಖಾನೆಯಲ್ಲಿ ದೇವಕಮ್ಮನ ಗುಂಪಿನ ರಕ್ತ ಇರಲಿಲ್ಲ. ತರಲು ಕಲಬುರಗಿಗೆ ಗಾಡಿ ಕಳಿಸಿದರು. ರಕ್ತ ಕೊಟ್ಟ ಗಂಡಸು ಹೊಲದ ಕೆಲಸಕ್ಕೆ ಬಾರನು ಎಂದು, ಮಗನ ಜೊತೆ ಬಂದಿದ್ದ ಹಣಮಂತಮ್ಮ ಅಡ್ಡಿ ಮಾಡಿದರೂ, ಮೆತ್ತಗಿನವನೆನಿಸಿಕೊಂಡ ಖಂಡಪ್ಪ ಮೊದಲ ಸಲ ತಾಯಿಯ ಮಾತು ಮೀರಿ ತೋಳು ಕೊಟ್ಟ; ಅವನದನ್ನು ಏರಿಸಿದರು. ಸುಲ್ತಾನಸಾಬನೂ ತಾನಾಗಿ ಮುಂದೆ ಬಂದ, ಅವನ ಗುಂಪು ಹೊಂದಲಿಲ್ಲ.

ಮರುದಿನ ಮುಂಜಾನೆ ಸುದ್ದಿ ತಿಳಿದು ಸಸಿ ಹಚ್ಚುವ ಹೆಂಗಸರೆಲ್ಲ ಬಂದರು. ಗದ್ದೆ ಬಿಟ್ಟು, ಧಣಿಯ ಬೈಗುಳ ಬಿಟ್ಟು, ಕಾಲಿನ ಕೆಸರು ಒಣಗಿದ್ದ ಹಾಗೆಯೇ ಬಂದಿದ್ದರು. "ನಂದು ತಗೋರಿ, ನಂದು ತಗೋರಿ" ಎಂದು ಸುಗಲಮ್ಮ ಎಲ್ಲರಿಗಿಂತ ಮುಂದೆ ನಿಂತಳು.

ನರ್ಸು ಒಂದು ಗಾಜಿನ ಲೋಟದಲ್ಲಿ ನೀಲಿ ನೀರು ಇಟ್ಟುಕೊಂಡಿದ್ದಳು. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಅದರಲ್ಲಿ ಬಿಡುವುದು. ಹನಿ ಮುಳುಗಿದರೆ ರಕ್ತ ಗಟ್ಟಿ ಇದೆ, ಕೊಡಬಹುದು, ತೇಲಿದರೆ ಕೊಡುವಂತಿಲ್ಲ. ಖಂಡಪ್ಪನದು ಮುಳುಗಿತ್ತು.

ಸುಗಲಮ್ಮನ ಹನಿ ತೇಲಿತು. ಅವಳ ಹಿಂದಿನವಳದೂ ತೇಲಿತು. ನರ್ಸು ಲೋಟದ ನೀರು ಬದಲಿಸಿ ಮತ್ತೆ ನೋಡಿದಳು. ಒಬ್ಬೊಬ್ಬರೇ ಬಂದು ಬೆರಳು ಕೊಟ್ಟರು, ಒಬ್ಬೊಬ್ಬರೇ ಸೆರಗಿನಲ್ಲಿ ಬೆರಳು ಒತ್ತಿಕೊಂಡು ಗೋಡೆಯ ಬದಿಗೆ ಸರಿದರು.

"ನಿಮ್ಮೂರಾಗ ಒಬ್ಬ ಹೆಣ್ಮಗಳ ಮೈಯಾಗೂ ರಕ್ತ ಇಲ್ಲೇನ್ರಿ?" ಎಂದಳು ನರ್ಸು. ಗದರಿಸಲು ತೆರೆದ ಬಾಯಿ, ಮಾತು ಮುಗಿಯುವಷ್ಟರಲ್ಲಿ ಮೆತ್ತಗಾಗಿತ್ತು.

ಕೊನೆಗೆ ಶೇಖಮ್ಮ. ಅವಳ ಹನಿಯೂ ತೇಲಿತು.

"ಇನ್ನೊಮ್ಮಿ ನೋಡ್ರಿ. ನಾ ಗಟ್ಟಿ ಅದೀನಿ. ಗುಂಪಿನಾಗ ಎಲ್ಲಾರಿಗಿಂತ ಮುಂದ ನಾನಾ ಇರ್ತೀನಿ" ಎಂದು ಇನ್ನೊಂದು ಬೆರಳು ಚಾಚಿದಳು.

ನರ್ಸು ಮತ್ತೆ ಚುಚ್ಚಿದಳು. ಅದೂ ತೇಲಿತು.

"ನಿನಗ ಸುಸ್ತು ಅನಸಾಂಗಿಲ್ಲೇನಮ್ಮ?"

ಶೇಖಮ್ಮ ಚುಚ್ಚಿದ ಬೆರಳುಗಳನ್ನು ಸೆರಗಿನಲ್ಲಿ ಒತ್ತಿಕೊಳ್ಳುತ್ತ, "ಅನಸ್ತದ್ರಿ. ಮೈ ಅಂದ್ರ ಹಿಂಗಾ ಇರ್ತದ ಅಂತ ತಿಳಕೊಂಡಿದ್ದೆ" ಎಂದಳು.

ಕಲಬುರಗಿಯಲ್ಲಿ ರಕ್ತ ಸಿಗುವುದು ತಡವಾಗಿ ಗಾಡಿ ಇನ್ನೂ ದಾರಿಯಲ್ಲಿತ್ತು. ಮಧ್ಯಾಹ್ನ ತಿರುಗುವ ಹೊತ್ತಿಗೆ ದೇವಕಮ್ಮನ ಉಸಿರು ನಿಂತಿತು.

ಹೆಣದ ಜೊತೆ ಹೆಂಗಸರೆಲ್ಲ ಟಂಟಂನಲ್ಲಿ ಒತ್ತಿ ಕುಳಿತರು. ಸುಲ್ತಾನಸಾಬ ಗಾಡಿಯನ್ನು ಮೆಲ್ಲಗೆ ಓಡಿಸುತ್ತಿದ್ದ. ದೇವಕಮ್ಮನ ತಲೆ ಅಕ್ಕನ ತೊಡೆಯ ಮೇಲಿತ್ತು. ಸುಗಲಮ್ಮ ಬಿಕ್ಕುತ್ತ, "ಎಲ್ಲಾರ ರಕ್ತಾನೂ ತೇಲಿತಲ್ಲ, ಹಿರೇಮಣಿ. ಆಕಿಗಷ್ಟ ಯಾಕ ಹಿಂಗಾತು?" ಎಂದಳು.

ಶೇಖಮ್ಮ ತಂಗಿಯ ಕೂದಲಿನಲ್ಲಿ ಅಂಟಿದ್ದ ಗದ್ದೆಯ ಕೆಸರನ್ನು ಉಗುರಿನಿಂದ ಬಿಡಿಸುತ್ತಿದ್ದಳು.

"ಆಕಿ ಬಾಯಿ ಬಿಟ್ಟು ಸುಸ್ತು ಅಂದ್ಲು. ನಾವು ಅನಲಿಲ್ಲ. ಅದಕ್ಕ ಆಕಿನ್ನ ದೊಡ್ಡಿಗಿ ಹಾಕಿದ್ವಿ."