ಶಾಂತಯ್ಯನವರ ಲಾರಿಗೆ ಬಂದ ನಡುಕ

ದಸರೆ ಮುಗಿದ ಮೇಲೆ ಅರಳೆ ವ್ಯಾಪಾರಿ ಶಾಂತಯ್ಯನವರ ಹೊಸ ಲಾರಿಗೆ ನಡುಕ ಹತ್ತಿತು. ಅಂದಿನಿಂದ ಶಾಂತಯ್ಯನವರಿಗೆ ಹೆಸರಿನಲ್ಲಿ ಬಿಟ್ಟರೆ ಬೇರೆಲ್ಲೂ ಶಾಂತಿ ಉಳಿಯಲಿಲ್ಲ.

ಗಾಡಿ ಮುಂಬಯಿಯಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಬಂದಿಳಿದು ಇನ್ನೂ ಒಂದು ಮಳೆಗಾಲ ಕಂಡಿರಲಿಲ್ಲ. ಸೀಟಿನ ಹೊಸ ವಾಸನೆಯೂ ಹೋಗಿರಲಿಲ್ಲ. ಮೆಲ್ಲಗೆ ಹೋದರೆ ಬಲು ಸಂಭಾವಿತ. ವೇಗದ ಮುಳ್ಳು ಮೂವತ್ತು ಮೈಲಿಗೆ ಬಂತೋ, ಕಾಲಡಿಯ ಹಲಗೆಯಿಂದ ನಡುಕ ಎದ್ದು ಸೀಟಿಗೆ, ಸೀಟಿನಿಂದ ನಡುವಿಗೆ, ನಡುವಿನಿಂದ ಹಲ್ಲಿಗೆ ಏರುತ್ತಿತ್ತು. ಅರಳೆ ಪೇಟೆಯಲ್ಲಿ ಎಲ್ಲರೂ ವೈದ್ಯರಾದರು. ಒಬ್ಬರು ನಿಂಬೆಹಣ್ಣು ಕಟ್ಟಿಸಿದರು, ಇನ್ನೊಬ್ಬರು ತಾಯತ ತಂದರು. "ಕಂಪನಿ ಮಾಲಲ್ಲೇನ್ರಿ, ಕಂಪನಾ ಸಂಗಾಟನ ಬಂದಿರತೈತಿ" ಎಂದು ಮತ್ತೊಬ್ಬರು ನಕ್ಕರು.

ನಗದೆ ಇದ್ದವನು ಡ್ರೈವರ್ ಹುಚ್ಚಪ್ಪ ಒಬ್ಬನೇ. ಗೋಪನಕೊಪ್ಪದ ಹುಡುಗ. ಹಬ್ಬದ ಮರುದಿನ ಉಪ್ಪಿನಬೆಟಗೇರಿಗೆ ಹೇರು ತುಂಬಿಕೊಂಡು ನಿಧಾನವಾಗಿ ಹೋಗಿದ್ದ. ಬರುವಾಗ ಗಾಡಿ ಖಾಲಿ, ರಸ್ತೆಯೂ ಖಾಲಿ. ಆಗಷ್ಟೇ ಜೋರು ಏರಿಸತೊಡಗಿದ. ಒಂದು ಮೋರಿಯ ಹತ್ತಿರ ಗಾಲಿ ಕಲ್ಲು ಹತ್ತಿ ಇಳಿಯಿತು, ಅದರ ಬೆನ್ನಿಗೇ ನಡುಕ ಶುರುವಾಯಿತು. ಬಂದವನೇ ಯಾರೂ ಕೇಳುವ ಮೊದಲೇ ಒಪ್ಪಿಕೊಂಡಿದ್ದ.

"ಗಾಡಿ ಗುಲಾಬಸಾಬಗ ತೋರಸೂಣು," ಎಂದಿದ್ದರು ಶಾಂತಯ್ಯನವರು. "ಕಲ್ಲಿನ ಪೆಟ್ಟು ಅಂತ ಅವ ಅಂದ್ರ, ನೀ ಚಾವಿ ಕೊಟ್ಟು ಮನೀಗೆ ನಡಿ."

ಹೀಗೆ ಸ್ಟೇಶನ್ ರಸ್ತೆಯ ಮೋಟಾರು ಮೇಸ್ತ್ರಿ ಗುಲಾಬಸಾಬ ಒಂದು ಮುಂಜಾನೆ ನ್ಯಾಯಾಧೀಶನಾದ. ಹುಚ್ಚಪ್ಪ ಓಡಿಸಿದ, ಶಾಂತಯ್ಯನವರು ರುಮಾಲು ಬಿಗಿದುಕೊಂಡು ನಡುವೆ ಕೂತರು, ಗುಲಾಬಸಾಬ ಬಾಗಿಲ ಕಡೆ ಕೂತ.

"ಮೂವತ್ತಕ್ಕ ಏರಸು," ಎಂದ ಗುಲಾಬಸಾಬ.

"ಏರಸೇನಿ ಕಾಕಾ. ಗಟ್ಟ್ಯಾಗಿ ಹಿಡಕೊರಿ."

ನಡುಕ ಬಂತು.

"ಈಗ ಗೇರ್ ಬಿಡಸಿ ಎಂಜಿನ್ ಬಂದ್ ಮಾಡು."

ಎಂಜಿನ್ನು ಸುಮ್ಮನಾಯಿತು, ಗಾಡಿ ಇಳಿಜಾರಿನಲ್ಲಿ ತನ್ನಷ್ಟಕ್ಕೆ ಓಡಿತು. ನಡುಕ ಮಾತ್ರ ನಿಲ್ಲಲಿಲ್ಲ.

"ಎಂಜಿನ್ನಿಂದಲ್ರಿ ಅಯ್ನಾರ," ಎಂದ ಗುಲಾಬಸಾಬ.

ಅಂಗಡಿಗೆ ಮರಳಿ ಮುಂದಿನ ಗಾಲಿ ಹಿಂದಕ್ಕೆ, ಹಿಂದಿನವು ಮುಂದಕ್ಕೆ ಹಾಕಿದರು. ಗಾಲಿಯಲ್ಲಿ ದೋಷವಿದ್ದರೆ ನಡುಕವೂ ಜಾಗ ಬದಲಿಸಬೇಕು. ಮತ್ತೆ ಓಡಿಸಿದರು. ಅದು ಕಾಲಡಿಯ ಅದೇ ಹಲಗೆಯಿಂದ ಎದ್ದು, ಅದೇ ಹಲ್ಲಿಗೆ ಬಂತು.

"ಎಂಜಿನ್ನೂ ಅಲ್ಲ, ಗಾಲೀನೂ ಅಲ್ಲ," ಎಂದರು ಶಾಂತಯ್ಯನವರು. "ಹಂಗಾರ ಗಾಡಿ ನೆಟ್ಟಗೈತಿ, ನಾನ ನಡಗಾಕತ್ತೇನಿ ಅನ್ನು."

ಎಂಜಿನ್ನಿಗೂ ಗಾಲಿಗೂ ನಡುವೆ ಉಳಿದದ್ದು ಒಂದೇ: ಎಂಜಿನ್ನಿನ ತಿರುಗಾಟವನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಉದ್ದನೆಯ ಶಾಫ್ಟು. ಗುಲಾಬಸಾಬ ಚೀಲ ಹಾಸಿ ಗಾಡಿಯ ಕೆಳಗೆ ನುಗ್ಗಿ ಕಣ್ಣೆತ್ತಿದ. ಶಾಫ್ಟು ಕುಂಕುಮದಷ್ಟು ಕೆಂಪಗಿತ್ತು.

ಆ ಬಣ್ಣ ಹಚ್ಚಿದವನು ಅವನೇ.

ಅವನ ಉಸ್ತಾದನ ಕಾಲದಿಂದ ಅಂಗಡಿಯಲ್ಲಿ ಖಂಡೇಪೂಜೆ ತಪ್ಪಿದ್ದಿಲ್ಲ. ಮಹಾನವಮಿ ಬಂದರೆ ಪಾನೆ, ಸುತ್ತಿಗೆ, ಜಾಕು ಎಲ್ಲಕ್ಕೂ ಚಿಮಣಿ ಎಣ್ಣೆಯ ಅಭ್ಯಂಗನ, ಆಮೇಲೆ ಅರಿಷಿಣ ಕುಂಕುಮ. ಈ ಸಲ ಶಾಂತಯ್ಯನವರು, "ಗಾಡಿ ಮದುಮಗನ ಹಂಗ ಕಾಣಬೇಕ ನೋಡು" ಎಂದು ಬಿಟ್ಟುಹೋಗಿದ್ದರು. ಗುಲಾಬಸಾಬನಿಗೆ ಹುರುಪು ಬಂತು. ಶಾಫ್ಟನ್ನು ಇಳಿಸಿ, ಅದರ ಎರಡು ತುಂಡುಗಳನ್ನು ಬೇರೆ ಮಾಡಿ ತೊಳೆದ. ಅಷ್ಟಕ್ಕೆ ಬಿಡದೆ, ದೇವರೊಬ್ಬನೇ ಬಗ್ಗಿ ನೋಡಬಹುದಾದ ಆ ಜಾಗಕ್ಕೆ ಕೆಂಪು ಬಣ್ಣ ಬಳಿದು, ಒಣಗಿಸಿ, ಮತ್ತೆ ಜೋಡಿಸಿದ್ದ.

ಗುಲಾಬಸಾಬ ಉಗುರಿನಿಂದ ಬಣ್ಣ ಕೆರೆದ. ಒಂದು ತುಂಡಿನ ಮೇಲೆ ಬಾಣದ ಗುರುತು ಸಿಕ್ಕಿತು. ಇನ್ನೊಂದು ತುಂಡಿನದು ಅದರ ಎದುರಿಗಿರಬೇಕು, ಇಲ್ಲದಿದ್ದರೆ ಜೋರಿನಲ್ಲಿ ಶಾಫ್ಟು ನಡುಗುತ್ತದೆ. ಅದು ಒಂದು ಹೆಬ್ಬೆರಳು ಆಚೆ ಮುಖ ತಿರುಗಿಸಿಕೊಂಡಿತ್ತು. ಬಣ್ಣದ ಕೆಳಗೆ ಗುರುತು ಕಾಣದೆ ಅಡ್ಡಾದಿಡ್ಡಿ ಜೋಡಿಸಿದ್ದ. ಕಲ್ಲಿನ ಪೆಟ್ಟಿಗಾಗಿ ಗಾಡಿಯ ಹೊಟ್ಟೆಯನ್ನೆಲ್ಲ ತಡವಿದ. ಒಂದು ಗೀರೂ ಇರಲಿಲ್ಲ.

ಹುಚ್ಚಪ್ಪ ಕುಕ್ಕರಗಾಲಿನಲ್ಲಿ ಕೂತು ಕೆಳಗೆ ಇಣುಕಿದ. "ಕಾಕಾ, ಕಲ್ಲಿನ ಪೆಟ್ಟು ಕಂಡೇತೇನ್ರಿ?"

"ನೋಡಾಕತ್ತೇನಿ," ಎಂದ ಗುಲಾಬಸಾಬ. ನೋಡಿ ಆಗಿತ್ತು.

ಮೇಸ್ತ್ರಿಗೆ ಗಾಡಿಯ ತಳದಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ, ಅಲ್ಲಿ ಮುಖ ಯಾರಿಗೂ ಕಾಣುವುದಿಲ್ಲ. ಅವನು ಶಾಫ್ಟು ಬಿಚ್ಚಿದ, ಬಾಣಕ್ಕೆ ಬಾಣ ಕೂಡಿಸಿದ, ಬಿಗಿದ, ಹೊರಗೆ ಬಂದ. ಮತ್ತೆ ಓಡಿಸಿದಾಗ ಮುಳ್ಳು ಮೂವತ್ತು ದಾಟಿತು. ಶಾಂತಯ್ಯನವರ ರುಮಾಲಿನ ಚುಂಗು ಕೂಡ ಅಲುಗಲಿಲ್ಲ.

"ಭಲೆ," ಎಂದರು ಶಾಂತಯ್ಯನವರು, ಅಂಗಡಿಯ ಮುಂದೆ ಇಳಿದು. "ಏನಾಗಿತ್ತು? ಕಲ್ಲಿಂದನ ಹೌದಲ್ಲೋ?"

"ಅದು... ಈಗ ಸರಿ ಆತಲ್ರಿ."

ಶಾಂತಯ್ಯನವರಿಗೆ ಅಷ್ಟು ಸಾಕಾಯಿತು. ಹುಚ್ಚಪ್ಪನ ಕಡೆ ಕೈ ಚಾಚಿದರು. ಅವನು ವಾದ ಮಾಡಲಿಲ್ಲ. ಚಾವಿಯನ್ನು ಅಂಗಿಯ ತುದಿಯಿಂದ ಒರೆಸಿ ಅವರ ಅಂಗೈಯಲ್ಲಿಟ್ಟ. "ತಪ್ಪು ನಂದ ಐತ್ರಿ ಅಯ್ನಾರ. ಗಾಡಿ ಉಳೀತಲ್ಲ, ಅಷ್ಟ ಸಾಕು."

ಗುಲಾಬಸಾಬ ಇಬ್ಬರ ನಡುವೆ ಬಂದು ನಿಂತ.

"ತಡೀರಿ," ಎಂದ. "ಕಲ್ಲಿಂದಲ್ರಿ. ನನ್ನಿಂದ." ಖಂಡೇಪೂಜೆ, ಬಣ್ಣ, ಬಾಣ ಎಲ್ಲವನ್ನೂ ಹೇಳಿದ. ಹೇಳುವಾಗ ಹುಚ್ಚಪ್ಪನ ಮುಖ ನೋಡಲಿಲ್ಲ.

ಶಾಂತಯ್ಯನವರು ನಕ್ಕುಬಿಟ್ಟರು. "ನಿನ್ನ ಮನಸು ದೊಡ್ಡದು ಗುಲಾಬಸಾಬ, ಸುಳ್ಳೂ ಅಷ್ಟ ದೊಡ್ಡದು. ಈ ಹುಡುಗನ ನೌಕರಿ ಉಳಸಾಕ ನಿನ್ನ ಹೆಸರಿಗೆ ಮಸಿ ಹಚಗೊಳ್ಳಾಕತ್ತೀಯಲ್ಲ. ಅವನ ಒಪಗೊಂಡಾನ, ಮತ್ತೇನು?"

"ಹೂನ್ರಿ ಕಾಕಾ," ಎಂದ ಹುಚ್ಚಪ್ಪ ಕೂಡ. "ನನ್ನ ಸಲುವಾಗಿ ಸುಳ್ಳ ಹೇಳಬ್ಯಾಡ್ರಿ."

ಒಂದು ನಡುಕಕ್ಕೆ ಇಬ್ಬರು ಅಪರಾಧಿಗಳು ಸಿಕ್ಕಿದ್ದರು, ಮತ್ತು ನಿಜವಾದವನಿಗೆ ಶಾಬಾಸ್‌ಗಿರಿ ಸಿಗುತ್ತಿತ್ತು. ಬೈಗುಳವಾದರೆ ಗುಲಾಬಸಾಬ ಹೇಗೋ ನುಂಗಿಕೊಳ್ಳುತ್ತಿದ್ದ. ಈ ಹೊಗಳಿಕೆ ಗಂಟಲಲ್ಲಿ ಇಳಿಯಲಿಲ್ಲ. ಮತ್ತೆ ಗಾಡಿಯ ಕೆಳಗೆ ನುಗ್ಗಿದ. ಸರಿ ಮಾಡಿದ್ದನ್ನು ಬಿಚ್ಚಿದ. ಬಾಣಗಳನ್ನು ಮೊದಲಿನ ಹಾಗೆ ತಪ್ಪಿಸಿ ಕೆಡಿಸಿದ. ಅಷ್ಟು ಶ್ರದ್ಧೆಯಿಂದ ಅವನು ಯಾವ ಗಾಡಿಯನ್ನೂ ರಿಪೇರಿ ಮಾಡಿರಲಿಲ್ಲ.

"ಹತ್ರಿ ಅಯ್ನಾರ," ಎಂದ. ಚಾವಿ ಇಸಿದುಕೊಂಡು ತಾನೇ ಓಡಿಸಿದ. ಗೋಪನಕೊಪ್ಪದ ಹಾದಿಯಲ್ಲಿ ಮುಳ್ಳು ಮೂವತ್ತಕ್ಕೆ ಬಂತು. ಹಲಗೆ, ಸೀಟು, ನಡು, ಹಲ್ಲು. ರುಮಾಲು ಜಾರಿ ಶಾಂತಯ್ಯನವರ ಕಣ್ಣ ಮೇಲೆ ಬಂತು.

"ಇಲ್ಲಿ ಕಲ್ಲ ಎಲ್ಲೈತ್ರಿ?" ಎಂದ ಗುಲಾಬಸಾಬ.

"ಸಾ-ಸಾಕೋ. ನಂ-ನಂಬೇನಿ. ನಿಂದರಸು."

ಅಂಗಡಿಗೆ ಬಂದು ಇಳಿದ ಮೇಲೆ ಶಾಂತಯ್ಯನವರು ಬಹಳ ಹೊತ್ತು ರುಮಾಲು ಸುತ್ತಿಕೊಂಡರು. ಆಮೇಲೆ ಚಾವಿಯನ್ನು ಹುಚ್ಚಪ್ಪನಿಗೆ ಕೊಟ್ಟರು, ಅವನ ಕಡೆ ನೋಡದೆ. ಗುಲಾಬಸಾಬನ ಕಡೆ ನೋಡಿ ಹೇಳಿದರು: "ಇದನ್ನ ಸರಿ ಮಾಡಿ ಕಳಸು. ಬರೂ ವರ್ಷ ಖಂಡೇಪೂಜಿ ನಮ್ಮ ಮನಿ ಮುಂದನ ಮಾಡಕೋತೀವಿ. ಕುಂಕುಮ ಅಷ್ಟ ಹಚ್ಚತೀವಿ."

"ಹೂನ್ರಿ," ಎಂದ ಗುಲಾಬಸಾಬ. ಹೋಗುವ ಗಿರಾಕಿಯನ್ನು ತಡೆಯಲಿಲ್ಲ.

ಮತ್ತೊಮ್ಮೆ ಕೆಳಗೆ ಮಲಗಿ ಬಾಣಗಳನ್ನು ಎದುರುಬದುರು ಕೂಡಿಸಿದ. ಸುತ್ತಲಿನ ಬಣ್ಣವನ್ನು ಕಬ್ಬಿಣ ಕಾಣುವವರೆಗೆ ಕೆರೆದ. ಕೆಲಸ ಮುಗಿದ ಮೇಲೂ ಹೊರಗೆ ಬರಲಿಲ್ಲ.

ಹುಚ್ಚಪ್ಪ ಬಗ್ಗಿದ. "ಕಾಕಾ, ಹಂಗಾರ ಆ ಕಲ್ಲಿಂದ ಏನೂ ಆಗಿಲ್ಲೇನ್ರಿ? ಖರೇನ?"

"ಏನೂ ಆಗಿಲ್ಲೋ ತಮ್ಮಾ."

"ಹಬ್ಬದಿಂದ ನನಗ ಊಟ ಸೇರಿಲ್ರಿ," ಎಂದ ಹುಚ್ಚಪ್ಪ. ಸಿಟ್ಟಿನಿಂದಲ್ಲ, ಸುದ್ದಿ ಹೇಳುವ ಹಾಗೆ. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಗುಲಾಬಸಾಬನಿಗೆ. ಹುಚ್ಚಪ್ಪ ಅವನನ್ನು ಎಳೆದುಕೊಳ್ಳಲು ಕೈ ಚಾಚಿದ.

"ಬ್ಯಾಡೋ. ನನ್ನ ಕೈ ಹೊಲಸ ಅದಾವು."

"ಇದ್ರ ಇರಲಿ ಬರ್ರಿ. ಊಟಕ್ಕ ಹೋಗೂಣು."